ಗೋಧಿಗೆ ಉಪ್ಪು ಹಾಕುವಾಕೆ

ಬೆಳಗಿನ ಐದೂವರೆ. ಗಾಜಿನಮನೆಯ ಬಾಗಿಲು ತೆರೆದು ಒಳಬಂದವರು ಮೊದಲು ತಕ್ಕಡಿಯ ಮುಂದೆ ಕೂರುತ್ತಾರೆ. ಹತ್ತು ಲೀಟರ್ ನೀರಿಗೆ ಅರವತ್ತು ಗ್ರಾಂ ಉಪ್ಪು. ನಾಲ್ಕು ಹರಳು ಹೆಚ್ಚಾದರೂ ಬೆರಳ ತುದಿಯಲ್ಲಿ ತೆಗೆದಿಡುತ್ತಾರೆ. ಗೋಧಿ ಸಂಶೋಧನಾ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವರು ಉಪ್ಪಕ್ಕ.

ಇಪ್ಪತ್ತನಾಲ್ಕು ತಳಿ, ತಳಿಗೆ ಎಂಟು ಕುಂಡ. ನಾಲ್ಕಕ್ಕೆ ಸಿಹಿನೀರು, ನಾಲ್ಕಕ್ಕೆ ಉಪ್ಪುನೀರು. ನೋಡಿದವರಿಗೆ ಅಜ್ಜಿಕಥೆಯ ಮಲತಾಯಿಯ ನೆನಪಾದೀತು. ಆದರೆ ಉಪ್ಪೇರಿದ ಚೌಳು ನೆಲದಲ್ಲಿ ಯಾವ ತಳಿ ಬದುಕೀತು ಎಂದು ತಿಳಿಯಲು ಬೇರೆ ದಾರಿಯಿಲ್ಲ. ಉಪ್ಪು ಕುಡಿದ ಪೈರಿಗೆ ಮೊದಲು ಎಲೆಯ ತುದಿ ಸುಡುತ್ತದೆ, ಆಮೇಲೆ ಬುಡದಿಂದ ಹೊಸ ಕವಲು, ಅಂದರೆ ತೆಂಡೆ, ಒಡೆಯುವುದು ನಿಲ್ಲುತ್ತದೆ, ಅವಸರದಲ್ಲಿ ತೆನೆ ಬಂದರೂ ಒಳಗೆಲ್ಲ ಜೊಳ್ಳು. ಹನ್ನೊಂದು ವರ್ಷದಿಂದ ಉಪ್ಪಕ್ಕ ನೋಡುತ್ತಿರುವುದು ಇದನ್ನೇ.

"ಮನೇಲಿ ಅಡುಗೆಗೆ ಉಪ್ಪು ಹಾಕೋದು ಮರೀತಾಳೆ, ಗೋಧಿಗೆ ಮಾತ್ರ ಗ್ರಾಂ ಲೆಕ್ಕ," ಎಂದು ಅತ್ತೆ ಕಾಲೆಳೆಯುತ್ತಾರೆ.

"ಗೋಧಿ ನಿಮ್ಮ ಹಾಗೆ ತಟ್ಟೆ ದೂಡಲ್ಲ ಅತ್ತೆ," ಎಂದು ಇವರ ಉತ್ತರ.

ಮೂರು ವರ್ಷದ ಹಿಂದೆ ಒಂಬತ್ತನೆಯ ತಳಿ ಸೊರಗುವುದನ್ನು ಕಂಡು ಅವರ ಕರುಳು ಕೇಳಲಿಲ್ಲ. ಯಾರಿಗೂ ಹೇಳದೆ ಅದರ ಉಪ್ಪಿನ ಕುಂಡಗಳಿಗೂ ಸಿಹಿನೀರು ಹಾಕಿದರು. ಪೈರು ನಳನಳಿಸಿತು. ಕೇಂದ್ರವೇ ಹಿಗ್ಗಿತು, ಬೀಜವನ್ನು ಚೌಳು ಹೊಲಗಳಿಗೆ ಕಳಿಸುವ ಮಾತೂ ಬಂತು. ಎರಡು ದಿನ ಊಟ ಸೇರದ ಉಪ್ಪಕ್ಕ ಮೂರನೆಯ ದಿನ ವಿಜ್ಞಾನಿ ಮೇಡಂ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟರು.

"ಯಾರದೋ ಹೊಲದಲ್ಲಿ ಕದ್ದು ಸಿಹಿನೀರು ಹಾಕೋಕೆ ನಾನಿರ್ತೀನಾ?" ಎನ್ನುತ್ತಾರೆ ಈಗ. ಒಂದು ವರ್ಷದ ಪ್ರಯೋಗ ನೀರುಪಾಲಾಯಿತು. ಕೆಲಸ ಹೋಗಲಿಲ್ಲ. ತಮ್ಮ ಮೇಲಿನ ನಂಬಿಕೆ ಉಳಿದಿದೆಯೋ ಇಲ್ಲವೋ ಎಂಬುದೊಂದು ಮಾತ್ರ ಅವರನ್ನು ಕೊರೆಯುತ್ತಲೇ ಇದೆ.

ಈ ಸಲ ಹದಿನೇಳನೆಯ ತಳಿ ಉಪ್ಪುನೀರು ಕುಡಿದೇ ಸೊಂಟದೆತ್ತರ ನಿಂತಿದೆ. ಕಾಳು ಹಿಚುಕಿದರೆ ಹಾಲು ಜಿನುಗುತ್ತದೆ. ಮೇಡಂ ಬಂದು ಕುಂಡದ ಮುಂದೆ ಬಗ್ಗಿ ತೆನೆ ಮುಟ್ಟಿ ನೋಡಿ, "ಅಕ್ಕ, ಬೇಜಾರು ಮಾಡ್ಕೋಬೇಡಿ, ಇದಕ್ಕೂ ಸಿಹಿನೀರು..." ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ.

"ಕೇಳಿ ಮೇಡಂ, ಕೇಳ್ಲೇಬೇಕು. ಆದ್ರೆ ಬರೀ ನನ್ನ ಮಾತು ಕಟ್ಕೋಬೇಡಿ, ಉಪ್ಪು ಅಳೆಯೋ ಮೀಟರ್ ಅದ್ದಿ ನೋಡಿ." ಕುಂಡಗಳ ತಳದಿಂದ ಸೋರಿದ ನೀರಿನ ಬಟ್ಟಲುಗಳನ್ನು ಉಪ್ಪಕ್ಕನೇ ತಂದು ಮುಂದಿಡುತ್ತಾರೆ. ನಾಲ್ಕರಲ್ಲೂ ಉಪ್ಪು ಇರಬೇಕಾದಷ್ಟೇ ಇದೆ.

"ನಿಮ್ಮನ್ನ ಕೇಳಿದ್ರೇ ಸಾಕಿತ್ತು," ಎನ್ನುತ್ತಾ ಮೇಡಂ ಮೀಟರ್ ಒರೆಸುತ್ತಾರೆ.

ಉಪ್ಪಕ್ಕ ಮುಂದಿನ ಬಕೆಟ್ ಎತ್ತಿಕೊಳ್ಳುತ್ತಾರೆ. ಈ ಪೈರು ಬೆಳೆಸಿದ್ದು ನೀವೇ ಅಲ್ಲವೇ ಎಂದರೆ ಒಪ್ಪುವುದಿಲ್ಲ.

"ನಾನೇನೂ ಮಾಡಿಲ್ಲ," ಎಂದು ನಗುತ್ತಾರೆ. "ಈ ಸಲ ನಿಜವಾಗ್ಲೂ ಏನೂ ಮಾಡಿಲ್ಲ."