ಎರಡು ಸಲ ಬಿಟ್ಟುಕೊಟ್ಟ ಜಾಗ

ಹಿರಿಸೊಸೆಗೆ ತನ್ನ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಅಂಗಿಯ ನಕ್ಷೆ ಬಿಡಿಸಲು ದರ್ಜಿಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವ ತನ್ನ ಪುಟ್ಟ ಕಚೇರಿಗೆ ಕಿರಿಯಳನ್ನು ಕರೆತಂದವಳು ಅವಳೇ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವಳೂ ಅವಳೇ. ಈಗ ಕಚೇರಿಯ ಯಜಮಾನರ ಬಾಯಲ್ಲಿ ಇಡೀ ದಿನ ಕಿರಿಯಳದೇ ಜಪ. ಮನೆಗೆ ಹೋದರೆ ಅತ್ತೆಯದೂ ಅದೇ ರಾಗ.

ನಕ್ಷೆ ಬಿಡಿಸುವ ವಿಂಡೋವನ್ನು ಕಿರಿಯಳು ಹೊಸದಾಗಿ ಬರೆದಿದ್ದಳು. ಅವಳು ಊಟಕ್ಕೆ ಎದ್ದಾಗ ಹಿರಿಯಳು ಹುಳುಕು ಹುಡುಕುತ್ತ ಅದನ್ನು ಓದಿದಳು. ಪ್ರತಿ ನಕ್ಷೆಗೂ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಪಡೆದು, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಡುವ ಕೋಡಿನ ಸಾಲು ಆ ಫೈಲಿನಲ್ಲಿ ಎಲ್ಲೂ ಕಾಣಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು. ತಾನೇ ಆ ಸಾಲು ಸೇರಿಸಿ ಸುಮ್ಮನಾದಳು. ಸಮಯ ನೋಡಿ ಎಲ್ಲರೆದುರು ಹೇಳಿ ಕಿರಿಯಳ ಜಂಬ ಇಳಿಸುವ ಲೆಕ್ಕಾಚಾರ. ಅವಳಿಗೆ ಜಂಬವಿತ್ತೇ ಎಂದು ಕೇಳಬೇಡಿ, ಹೊಟ್ಟೆಕಿಚ್ಚಿಗೆ ಅಷ್ಟೆಲ್ಲ ಪುರಾವೆ ಬೇಕಿಲ್ಲ.

ಮರುದಿನ ದೊಡ್ಡ ಗಿರಾಕಿಯೊಬ್ಬರು ಬಂದರು, ಹಲವು ಅಂಗಡಿಗಳ ಒಡೆಯರಾದ ದರ್ಜಿ. ಅವರು ಒಪ್ಪಿದರೆ ಕಿರಿಯಳೇ ಮುಖ್ಯಸ್ಥೆ ಎಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ದರ್ಜಿ ತೋಳಿನ ನಕ್ಷೆ ಬಿಡಿಸಿ, ತಲೆದೂಗಿ, ವಿಂಡೋ ಮುಚ್ಚಿದರು. ಇಡೀ ಪ್ರೋಗ್ರಾಂ ಪರದೆಯಿಂದ ಮಾಯವಾಯಿತು.

"ಇದೇನಮ್ಮ, ಎಲ್ಲಾ ಹೋಯ್ತಲ್ಲ?" ಎಂದರು.

ಹಿರಿಯಳು ಒಳಗೊಳಗೇ ಹಿಗ್ಗಿದಳು. ಕಿರಿಯಳು ಕೂತು ಒಂದೊಂದೇ ಫೈಲು ತೆರೆಯುತ್ತಿದ್ದಂತೆ ಹಿರಿಯಳ ಹಿಗ್ಗು ಇಳಿಯಿತು. ಜಾಗ ಬಿಟ್ಟುಕೊಡುವ ಸಾಲನ್ನು ಕಿರಿಯಳು ಬರೆದೇ ಇದ್ದಳು, ಬೇರೆ ಫೈಲಿನಲ್ಲಿ. ಒಂದೇ ಜಾಗವನ್ನು ಎರಡು ಸಲ ಬಿಟ್ಟುಕೊಟ್ಟರೆ ಪ್ರೋಗ್ರಾಂ ಕುಸಿದು ಬೀಳುತ್ತದೆ. ಆ ಪಾಠ ಹೇಳಿಕೊಟ್ಟವಳು ಹಿರಿಯಳೇ.

ಆ ಫೈಲುಗಳಿಗೆ ಕೈಹಾಕುವವರು ಅವರಿಬ್ಬರೇ. ಕಿರಿಯಳು ಓರಗಿತ್ತಿಯ ಮುಖವನ್ನೊಮ್ಮೆ ನೋಡಿ, ತನ್ನ ಸಾಲನ್ನೇ ಅಳಿಸಿದಳು.

"ನನ್ನದೇ ತಪ್ಪು ಸರ್. ಅಕ್ಕ ಸರಿಯಾಗೇ ಬರೆದಿದ್ರು, ನಾನು ನೋಡ್ದೇನೆ ಇನ್ನೊಂದ್ಸಲ ಬರೆದ್ಬಿಟ್ಟೆ."

ಪ್ರೋಗ್ರಾಂ ಮತ್ತೆ ಓಡಿತು. ದರ್ಜಿ ಎಷ್ಟು ಸಲ ವಿಂಡೋ ಮುಚ್ಚಿ ತೆರೆದರೂ ಬೀಳಲಿಲ್ಲ. ಅವರು ಒಪ್ಪಿಕೊಂಡು ಹೊರಟರು.

"ತಪ್ಪು ಒಪ್ಕೊಳ್ಳೋದನ್ನ ಇವರಿಂದ ಕಲೀಬೇಕು," ಎಂದು ಯಜಮಾನರು ಕಿರಿಯಳನ್ನು ತೋರಿಸಿ ಹಿರಿಯಳ ಕಡೆ ತಿರುಗಿದರು. "ಅಲ್ವೇನಮ್ಮ?"

ಹಿರಿಯಳು ಹೂಂ ಎಂದಳು. ಈಗ ನಿಜ ಹೇಳಿದರೆ, ಅಕ್ಕನ ತಪ್ಪನ್ನು ಮೈಮೇಲೆ ಎಳೆದುಕೊಂಡಳೆಂಬ ಹೊಗಳಿಕೆಯೂ ಕಿರಿಯಳಿಗೇ ಸಲ್ಲುತ್ತದೆಂದು ಹೊಳೆದು, ಅವಳ ಹೊಟ್ಟೆ ಇನ್ನಷ್ಟು ಉರಿಯಿತು.