ಟಿವಿಯೊಳಗೆ ಹಾರಿದ ಆಂಟಿ

“ನಿಲ್ಲಿಸು! ಅದು ನಾನು!” ಬಾಗಿಲಲ್ಲಿ ನಿಂತಿದ್ದ ಕೆಳಮನೆಯ ಚೀನೀ ಆಂಟಿ ನಮ್ಮ ಟಿವಿಯತ್ತ ಕೈಚಾಚಿ ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ ಕೂಗಿದರು. ಡಾಟ್‌ಕಾಮ್ ಭರಾಟೆಯ ದಿನಗಳವು. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗೆ ತಂದ ಕ್ಯಾಂಟನೀಸ್ ಎಂಬ ಚೀನೀ ಭಾಷೆಯ ಹಳೆಯ ಸಿನಿಮಾ ನೋಡುತ್ತಿದ್ದೆವು. ಪೊಲೀಸನೊಬ್ಬನನ್ನು ಪ್ರೀತಿಸಿದ ರೋಬೋ ಹುಡುಗಿ, ಅವನನ್ನು ಉಳಿಸಲು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರುತ್ತಿದ್ದಳು.

“ಮುಖ ಹೀರೊಯಿನ್‌ದು. ಹಾರಿದ್ದು ನಾನು,” ಎಂದರು ಆಂಟಿ. ಆಗ ಅವರು ಹೀರೊಯಿನ್ ಬದಲು ಸಾಹಸ ಮಾಡುವ ಡ್ಯೂಪ್ ಆಗಿದ್ದರಂತೆ. ಹತ್ತು ಸಲ ಗುರಿ ತಪ್ಪಿ ಕೆಳಗಿನ ಬಲೆಗೆ ಬಿದ್ದು, ಹನ್ನೊಂದನೇ ಸಲ ಆಚೆಯ ತಾರಸಿ ಮುಟ್ಟಿದ್ದರಂತೆ.

ಅಷ್ಟರಲ್ಲಿ ನನ್ನ ಗಂಡ ಗಾಬರಿಯಾದರು. “ಅಯ್ಯೋ, ಇವ್ರು ಮೆಟ್ಲು ಹತ್ಕೊಂಡು ಹೇಗೆ ಬಂದ್ರು?” ಸೊಂಟದ ಆಪರೇಷನ್ ಆದಮೇಲೆ ಆಂಟಿ ಇನ್ನು ಮೆಟ್ಟಿಲು ಹತ್ತುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕೇಳಿದರೆ ಅವರು ಬೆವರು ಒರೆಸಿಕೊಂಡು, “ಮೂರು ದಿನ ಅರ್ಧಕ್ಕೇ ವಾಪಸ್ ಹೋದೆ. ಇವತ್ತು ಬಂದೆ,” ಎಂದರು.

ಫ್ರೀವೇಯಲ್ಲಿ ನುಗ್ಗುವ ಕಾರುಗಳ ವೇಗಕ್ಕೆ ಹೆದರಿ ಕಾರು ಕಲಿಯುವುದನ್ನೇ ಬಿಟ್ಟಿದ್ದ ನಾನು ಆ ವಾರವೇ ಮತ್ತೆ ಸ್ಟೀರಿಂಗ್ ಹಿಡಿದೆ. ಲೈಸೆನ್ಸ್ ಸಿಕ್ಕಿ ಮೊದಲ ಸಲ ಫ್ರೀವೇಗೆ ಇಳಿದಾಗ ಪಕ್ಕದ ಸೀಟಿನಲ್ಲಿ ಆಂಟಿ ಇದ್ದರು. ನನ್ನ ಕಾಲು ಬ್ರೇಕಿನತ್ತ ಹೋದಾಗಲೆಲ್ಲ “ಹೋಗು, ಹೋಗು” ಎನ್ನುತ್ತಿದ್ದರು.