ಎಲ್ಲರೂ ಮೇಲೆ ನೋಡುತ್ತಿರುವ ಫೋಟೊ

ಅಮ್ಮ ದುಡಿದ ಪೀಣ್ಯದ ಹಳೇ ಮೋಟಾರು ಕಾರ್ಖಾನೆ ಈಗ ಫೋಟೊ ಗ್ಯಾಲರಿ. ಕಲ್ಲಿನ ಗೋಡೆ, ಗರಗಸದ ಹಲ್ಲಿನಂಥ ಚಾವಣಿ ಹಾಗೇ ಇವೆ. ಯಂತ್ರಗಳಿದ್ದಲ್ಲಿ ಈಗ ಬರೀ ಚಿತ್ರಗಳು. ಹಿಂದೊಂದು ಆಯುಧಪೂಜೆಯ ದಿನ ತೆಗೆದ ಗುಂಪು ಫೋಟೊ ಅಲ್ಲಿ ಹಾಕಿದ್ದಾರೆ ಎಂದು ಜೊತೆಯಲ್ಲಿ ದುಡಿದವರೊಬ್ಬರು ಫೋನು ಮಾಡಿದ್ದೇ ತಡ, ಅಮ್ಮ ಲಗ್ಗೆರೆಯ ನಮ್ಮ ಬೀದಿಗೆಲ್ಲ ಡಂಗುರ ಹೊಡೆದುಬಿಟ್ಟಳು. ಮುಂದಿನ ಸಾಲಿನಲ್ಲೇ ತಾನಿರುವುದು, ಬರುವ ಭಾನುವಾರ ಎಲ್ಲರನ್ನೂ ಕರೆದೊಯ್ದು ತೋರಿಸುವುದು ಎಂದಳು. ಮೊದಲು ನಾವಿಬ್ಬರೇ ನೋಡಿ ಬರೋಣ ಎಂದು ನಾನು ಹಟ ಹಿಡಿದೆ. ಅಮ್ಮನ ಮಾತಿಗೆ ಉಪ್ಪುಖಾರ ಸ್ವಲ್ಪ ಜಾಸ್ತಿ ಎಂಬುದು ನನಗೆ ಗೊತ್ತಿಲ್ಲವೆ?

ಫೋಟೊ ಇತ್ತು. ಅಮ್ಮ ಇರಲಿಲ್ಲ.

ಇಸ್ತ್ರಿ ಅಂಗಿಯ ಗಂಡಸರು, ಹೂ ಮುಡಿದ ಹೆಂಗಸರು, ಮುಂದೆ ಬೂದುಗುಂಬಳಕಾಯಿ. ವಿಚಿತ್ರವೆಂದರೆ ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ, ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದಾರೆ. ಕೆಳಗಿನ ಚೀಟಿಯಲ್ಲಿ ‘ನಾಳೆಯತ್ತ ನೋಟ’ ಎಂದು ಬರೆದಿತ್ತು. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ನನ್ನ ಹಾಳು ನಾಲಗೆ ಸುಮ್ಮನಿರಬೇಕಲ್ಲ, ಇನ್ನು ಬೀದಿಯವರಿಗೆ ಏನು ಹೇಳುತ್ತೀ ಎಂದು ಕೇಳಿಯೇಬಿಟ್ಟೆ. ಅಮ್ಮ ಮುಂದಿನ ಸಾಲಿನ ಮುಖಗಳನ್ನು ಬೆರಳಿಟ್ಟು ಒಂದೊಂದಾಗಿ ಮತ್ತೆ ಹುಡುಕತೊಡಗಿದಳು.

ಗ್ಯಾಲರಿ ನೋಡಿಕೊಳ್ಳುವ ಹುಡುಗಿಗೆ ಪಾಪ ಅನ್ನಿಸಿರಬೇಕು. ಬಂದವರಿಗೆ ತೋರಿಸದ ಜಾಗಗಳನ್ನು ತೋರಿಸುತ್ತೇನೆ ಬನ್ನಿ ಅಜ್ಜಿ ಎಂದಳು. ತೋರಿಸುವುದೇನು, ಅಮ್ಮನೇ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. ಸ್ಟೋರ್ ರೂಮಿನ ಹಿಂದೆ ಸಣ್ಣ ಬಾಗಿಲು, ಕಬ್ಬಿಣದ ಮೆಟ್ಟಿಲು, ಅದರ ಮೇಲೆ ಚಾವಣಿಯಡಿಯ ಇಕ್ಕಟ್ಟು ಅಟ್ಟ. ಅಲ್ಲೊಂದು ದೊಡ್ಡ ಫ್ಯಾನು, ಅದರ ಮೈಮೇಲೆ ಕುಂಕುಮದ ಬೊಟ್ಟುಗಳ ಸಾಲು. ಪೂಜೆಯ ದಿನ ಯಾವ ಯಂತ್ರವನ್ನೂ ಬಿಡುವಂತಿಲ್ಲ, ಕಣ್ಣಿಗೆ ಬೀಳದ್ದಕ್ಕೂ ಅರಿಶಿನ ಕುಂಕುಮ ಆಗಬೇಕು. ಸಣಕಲಿಯಾದ ಅಮ್ಮನನ್ನೇ ವರ್ಷವರ್ಷವೂ ತಟ್ಟೆ ಕೊಟ್ಟು ಹತ್ತಿಸುತ್ತಿದ್ದರಂತೆ.

ಫ್ಯಾನಿನ ಪಕ್ಕ ಒಂದು ಕಿಂಡಿ. ಬಗ್ಗಿ ನೋಡಿದರೆ ಕೆಳಗಿನ ಹಾಲ್ ಪೂರ್ತಿ ಕಾಣುತ್ತದೆ. ಅಮ್ಮ ನೋಡಿದವಳೇ ಬಿದ್ದು ಬಿದ್ದು ನಗತೊಡಗಿದಳು. ನನಗೆ ಗಾಬರಿಯಾಯಿತು.

“ನನ್ನ ಬಿಟ್ಟು ಪೋಟೊಕ್ಕೆ ನಿಂತವ್ರೆ ಅಂತ ಇಲ್ಲಿಂದ್ಲೇ ಕೂಗಿದ್ದೆ ಕಣೆ. ತಡೀರ್ರೋ, ನಾನೂ ಬತ್ತೀನಿ ಅಂತ.”

ಕೂಗಿಗೆ ಎಲ್ಲರೂ ಮೇಲೆ ನೋಡಿದ್ದಾರೆ, ಫೋಟೊದವನು ಆಗಲೇ ಒತ್ತಿಬಿಟ್ಟಿದ್ದಾನೆ. ಅಮ್ಮ ಇಳಿದು ಓಡಿಬಂದು ಮುಂದಿನ ಸಾಲಿನಲ್ಲಿ ನಿಂತ ಮೇಲೆ ಇನ್ನೊಂದು ತೆಗೆದನಂತೆ. ಅದು ಎಲ್ಲಿ ಹೋಯಿತೋ, ಗೋಡೆಯ ಮೇಲೆ ಉಳಿದಿದ್ದು ಮೊದಲನೆಯದು. ಕೆಳಗೆ ಬಂದದ್ದೇ ಆ ಹುಡುಗಿ ‘ನಾಳೆಯತ್ತ ನೋಟ’ದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

ಭಾನುವಾರ ಬೀದಿಯ ಹೆಂಗಸರೆಲ್ಲ ಬಂದರು. ಎದುರುಮನೆಯಾಕೆ ಫೋಟೊವನ್ನು ಮೂಲೆಮೂಲೆ ಹುಡುಕಿ, ನೀನೆಲ್ಲಿದ್ದೀಯಮ್ಮ ಎಂದು ಮೂತಿ ಸೊಟ್ಟ ಮಾಡಿ ಕೇಳಿದಳು.

“ನಾನು ಇದ್ರಲ್ಲಿಲ್ಲ ಕಣವ್ವ. ಇವ್ರೆಲ್ಲ ನೋಡ್ತಾವ್ರಲ್ಲ, ಅದು ನನ್ನೇಯ” ಎಂದ ಅಮ್ಮ ಮೇಲಿನ ಕಿಂಡಿಗೆ ಬೆರಳು ತೋರಿಸಿದಳು.

ಹೆಂಗಸರೆಲ್ಲ ಒಟ್ಟಿಗೆ ಕತ್ತೆತ್ತಿದರು. ನಾನು ತಟ್ಟನೆ ಮೊಬೈಲು ತೆಗೆದು ಒಂದು ಫೋಟೊ ಹೊಡೆದೆ. ಇದರಲ್ಲಿ ಅಮ್ಮ ಮುಂದಿನ ಸಾಲಿನಲ್ಲೇ ಇದ್ದಾಳೆ.